ಯುವಹಿಂಸೆ ತಡೆಯ ಸಮುದಾಯ ಕಾರ್ಯಕ್ರಮಗಳು: ಹಣಕಾಸು ವ್ಯವಸ್ಥೆ

ಯುವಕರ ನಡುವಿನ ಗುಂಡಿನ ದಾಳಿ, ಇರಿತ, ಗುಂಪು ದ್ವೇಷಗಳನ್ನು ಆಯಾ ಬಡಾವಣೆಯವರೇ ಮುಂದೆ ನಿಂತು ತಗ್ಗಿಸುವ ಕಾರ್ಯಕ್ರಮಗಳಿಗೆ ಸರ್ಕಾರಗಳೂ ದತ್ತಿನಿಧಿಗಳೂ ಹಣ ಒದಗಿಸುವ ವ್ಯವಸ್ಥೆ. ಇಂಥ ಕಾರ್ಯಕ್ರಮಗಳು ಹಲವು ದೇಶಗಳಲ್ಲಿವೆ. ಆದರೆ ಹಣದ ಹರಿವಿಗೂ ಫಲಿತಾಂಶಕ್ಕೂ ಇರುವ ನಂಟನ್ನು ಗಮನಿಸಲು ಅಮೆರಿಕದ ಶಿಕಾಗೋದಷ್ಟು ಒದಗಿಬರುವ ನಗರ ಇನ್ನೊಂದಿಲ್ಲ. ಅಲ್ಲಿ ಎರಡು ದಶಕಗಳಲ್ಲಿ ಹಣ ಬಂದಿದೆ, ನಿಂತಿದೆ, ಮತ್ತೆ ಬಂದಿದೆ. ಎಷ್ಟು ಹಣ ಸಿಕ್ಕಿತು ಎನ್ನುವುದಕ್ಕಿಂತ ಅದು ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಸಿಕ್ಕಿತು ಎನ್ನುವುದೇ ಮುಖ್ಯವೆಂದು ಅಲ್ಲಿನ ಅನುಭವ ಸೂಚಿಸುತ್ತದೆ.

ಶಿಕಾಗೋದ ಅನುಭವ

ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ದುಡಿದಿದ್ದ ಸಾಂಕ್ರಾಮಿಕ ರೋಗತಜ್ಞ ಗ್ಯಾರಿ ಸ್ಲಟ್ಕಿನ್ ಇಲಿನಾಯ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ 'ಸೀಸ್‌ಫೈರ್' ಕಾರ್ಯಕ್ರಮವನ್ನು ಆರಂಭಿಸಿದರು. 2000ದಲ್ಲಿ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಅದರ ಕೆಲಸ ಶುರುವಾಯಿತು. ಹಿಂಸೆಯೂ ರೋಗದಂತೆ ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಆದ್ದರಿಂದ ಹರಡುವ ಸರಪಳಿಯನ್ನೇ ಕಡಿಯಬೇಕು ಎಂಬುದು ಅವರ ನಿಲುವು. 2004ರಲ್ಲಿ 'ಇಂಟರಪ್ಟರ್'ಗಳು ಬಂದರು. ಇವರಲ್ಲಿ ಬಹುಪಾಲು ಮಂದಿ ಹಿಂದೆ ಗ್ಯಾಂಗುಗಳಲ್ಲಿದ್ದು ಜೈಲು ಕಂಡವರು. ಒಂದು ಕೊಲೆಗೆ ಸೇಡಾಗಿ ಇನ್ನೊಂದು ನಡೆಯುವ ಮೊದಲೇ ಎರಡೂ ಕಡೆಯವರೊಂದಿಗೆ ಮಾತಾಡಿ ತಣ್ಣಗಾಗಿಸುವುದು ಇವರ ಕೆಲಸ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೆಸ್ಲಿ ಸ್ಕೋಗನ್ ಮತ್ತು ಸಂಗಡಿಗರು ಏಳು ಪ್ರದೇಶಗಳನ್ನು ಅಧ್ಯಯನ ಮಾಡಿ 2008ರಲ್ಲಿ ವರದಿ ಕೊಟ್ಟರು. ಅವುಗಳಲ್ಲಿ ನಾಲ್ಕರಲ್ಲಿ ಗುಂಡಿನ ದಾಳಿಗಳು ಶೇ. 16ರಿಂದ 28ರಷ್ಟು ತಗ್ಗಿದ್ದವು. ಉಳಿದ ಕಡೆ ಇಳಿಕೆ ಕಂಡರೂ ಅದರ ಶ್ರೇಯಸ್ಸನ್ನು ಕಾರ್ಯಕ್ರಮಕ್ಕೇ ಕೊಡುವುದು ಕಷ್ಟ. ಆದರೆ ವರದಿ ಹೊರಬರುವ ಮೊದಲೇ, 2007ರ ಆಗಸ್ಟ್‌ನಲ್ಲಿ, ಗವರ್ನರ್ ರಾಡ್ ಬ್ಲಗೋಯೆವಿಚ್ ರಾಜ್ಯ ಬಜೆಟ್ಟಿನಿಂದ ಸೀಸ್‌ಫೈರ್‌ನ ಸುಮಾರು 60 ಲಕ್ಷ ಡಾಲರ್ ಅನುದಾನವನ್ನು ಕೈಬಿಟ್ಟರು. ಹಲವು ಕೇಂದ್ರಗಳು ಬಾಗಿಲು ಹಾಕಿದವು.

ಮುಂದಿನದೂ ಇದೇ ಚಾಳಿ. 2012ರಲ್ಲಿ ನಗರಾಡಳಿತ ಎರಡು ಪೊಲೀಸ್ ಜಿಲ್ಲೆಗಳಲ್ಲಿ ಕೆಲಸ ಮಾಡಲು ಒಂದು ವರ್ಷದ ಮಟ್ಟಿಗೆ 10 ಲಕ್ಷ ಡಾಲರ್ ಕೊಟ್ಟಿತು, ಮರುವರ್ಷ ಒಪ್ಪಂದವನ್ನು ನವೀಕರಿಸಲಿಲ್ಲ. 2015ರ ಮಾರ್ಚ್‌ನಲ್ಲಿ ಗವರ್ನರ್ ಬ್ರೂಸ್ ರೌನರ್ ಕಾರ್ಯಕ್ರಮಕ್ಕೆ ಮತ್ತೆ ಬರುತ್ತಿದ್ದ ರಾಜ್ಯದ ಹಣವನ್ನು ತಡೆಹಿಡಿದರು. ಅದೇ ಜುಲೈಯಿಂದ 2017ರ ಜುಲೈವರೆಗೆ ಇಲಿನಾಯ್‌ಗೆ ಪೂರ್ಣ ಬಜೆಟ್ಟೇ ಇರಲಿಲ್ಲ. 2016ರಲ್ಲಿ ನಗರದ ಕೊಲೆಗಳ ಸಂಖ್ಯೆ 760 ದಾಟಿತು. ಹಣ ನಿಂತದ್ದರಿಂದಲೇ ಕೊಲೆ ಏರಿತೆಂದು ಕಾರ್ಯಕ್ರಮದ ಪರವಾಗಿರುವವರು ಹೇಳುವುದುಂಟು. ಅದನ್ನು ಹಾಗೆಯೇ ಒಪ್ಪಲಾಗದು. ಪೊಲೀಸರ ಗುಂಡಿಗೆ ಕಪ್ಪು ಜನಾಂಗದ ಹದಿಹರೆಯದ ಹುಡುಗನೊಬ್ಬ ಬಲಿಯಾದ ವಿಡಿಯೊ 2015ರ ನವೆಂಬರ್‌ನಲ್ಲಿ ಬಹಿರಂಗವಾಗಿ ಪೊಲೀಸರ ಮೇಲಿನ ನಂಬಿಕೆ ಕುಸಿದಿತ್ತು. ಬೀದಿಯಲ್ಲಿ ಜನರನ್ನು ತಡೆದು ತಪಾಸಣೆ ಮಾಡುವುದೂ ಆಗಲೇ ತೀರಾ ಕಡಿಮೆಯಾಗಿತ್ತು. ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುವಾಗ ಒಂದನ್ನೇ ಎತ್ತಿ ತೋರಿಸುವುದು ವಾದವಾದೀತು, ಪುರಾವೆಯಾಗದು.

ಹಣದ ಸ್ವರೂಪ

ಈ ಕ್ಷೇತ್ರದಲ್ಲಿ ಖರ್ಚಿನ ಬಹುಭಾಗ ಸಂಬಳ. ಬೀದಿ ಕಾರ್ಯಕರ್ತನ ಮಾತಿಗೆ ತೂಕ ಬರುವುದು ವರ್ಷಗಳ ಪರಿಚಯದಿಂದ. ಕೆಲಸ ಹೋದರೆ ಆತ ಬೇರೆಡೆ ದುಡಿಯಲು ಹೋಗುತ್ತಾನೆ, ಗಳಿಸಿದ ನಂಬಿಕೆಯೂ ಅವನ ಹಿಂದೆಯೇ ಹೋಗುತ್ತದೆ. ಎರಡು ವರ್ಷದ ನಂತರ ಅಷ್ಟೇ ಹಣ ಮರಳಿದರೂ ಆ ನಂಬಿಕೆ ಮರಳುವುದಿಲ್ಲ. ಸರ್ಕಾರಿ ಅನುದಾನದಲ್ಲಿ ಇನ್ನೊಂದು ತೊಡಕಿದೆ, ಇದನ್ನು ವಿಮರ್ಶಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬಹುಪಾಲು ಅನುದಾನಗಳು ಮರುಪಾವತಿಯ ಕ್ರಮದಲ್ಲಿ ಬರುತ್ತವೆ. ಸಂಸ್ಥೆ ಮೊದಲು ಕೈಯಿಂದ ಸಂಬಳ ಕೊಟ್ಟು, ರಸೀದಿ ಸಲ್ಲಿಸಿ, ತಿಂಗಳುಗಟ್ಟಲೆ ಕಾಯಬೇಕು. ಮೂಲಧನವಿರುವ ದೊಡ್ಡ ಸಂಸ್ಥೆಗೆ ಇದು ಕಿರಿಕಿರಿ ಅಷ್ಟೇ. ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಬಡಾವಣೆ ಸಂಘಕ್ಕೆ ಇದೇ ಮರಣಶಾಸನ. ಹೀಗಾಗಿ 'ಸಮುದಾಯದ ನೇತೃತ್ವ' ಎಂದು ಬರೆದ ಹಣ ಸಮುದಾಯದ ಹೊರಗಿನ ಸಂಸ್ಥೆಗಳ ಪಾಲಾಗುವುದು ಅಪರೂಪವಲ್ಲ. ಮುಂಗಡ ಪಾವತಿ, ಲೆಕ್ಕಪತ್ರಕ್ಕೆ ನೆರವು, ಕನಿಷ್ಠ ಮೂರು ವರ್ಷದ ಒಪ್ಪಂದ ಇವು ಅನುದಾನದ ಮೊತ್ತದಷ್ಟೇ ಮುಖ್ಯ.

ಆಕ್ಷೇಪಗಳು

ಫಲ ಖಚಿತವಿಲ್ಲದ ಕೆಲಸಕ್ಕೆ ದೀರ್ಘಾವಧಿ ಹಣ ಏಕೆ ಎಂಬುದು ಮುಖ್ಯ ಆಕ್ಷೇಪ, ಅದನ್ನು ತಳ್ಳಿಹಾಕುವಂತಿಲ್ಲ. ಪಿಟ್ಸ್‌ಬರ್ಗ್‌ನ 'ಒನ್ ವಿಷನ್ ಒನ್ ಲೈಫ್' ಕುರಿತು 2010ರಲ್ಲಿ ಬಂದ ರ‍್ಯಾಂಡ್ ಸಂಸ್ಥೆಯ ಅಧ್ಯಯನಕ್ಕೆ ಕೊಲೆ ಇಳಿದದ್ದು ಕಾಣಲಿಲ್ಲ, ಬದಲಿಗೆ ತೀವ್ರ ಹಲ್ಲೆಗಳು ಹೆಚ್ಚಿದ್ದವು. ಶಿಕಾಗೋದಲ್ಲೇ 2017ರಲ್ಲಿ ಆರಂಭವಾದ 'ರೆಡಿ' ಕಾರ್ಯಕ್ರಮ ಅತ್ಯಂತ ಅಪಾಯದಲ್ಲಿದ್ದ ಗಂಡಸರಿಗೆ 18 ತಿಂಗಳ ಸಂಬಳದ ಕೆಲಸವನ್ನೂ ಮನೋಚಿಕಿತ್ಸೆಯ ತರಬೇತಿಯನ್ನೂ ಕೊಟ್ಟಿತು. 2,456 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ ಗಂಭೀರ ಹಿಂಸೆಯ ಒಟ್ಟು ಸೂಚ್ಯಂಕ ಗಣನೀಯವಾಗಿ ಬದಲಾಗಲಿಲ್ಲ. ಗುಂಡಿನ ದಾಳಿ ಮತ್ತು ಕೊಲೆಯ ಬಂಧನಗಳು ಮಾತ್ರ ಶೇ. 65ರಷ್ಟು ಕಡಿಮೆಯಾದವು. ಇದನ್ನು ಗೆಲುವೆನ್ನುವುದೂ ಸೋಲೆನ್ನುವುದೂ ಅವಸರದ ತೀರ್ಮಾನ. ಆದರೆ ಈ ಮಿಶ್ರ ಫಲಿತಾಂಶ ಅಲ್ಪಾವಧಿ ಹಣವನ್ನು ಸಮರ್ಥಿಸುವುದಿಲ್ಲ. ವರ್ಷಕ್ಕೊಮ್ಮೆ ನಿಲ್ಲುವ ಕಾರ್ಯಕ್ರಮವನ್ನು ಅಳೆಯುವುದೂ ಸಾಧ್ಯವಿಲ್ಲ, ಕೆಟ್ಟದ್ದನ್ನು ಗುರುತಿಸಿ ಮುಚ್ಚುವುದೂ ಸಾಧ್ಯವಿಲ್ಲ.

ಇತರೆಡೆ

ಕ್ಯಾಲಿಫೋರ್ನಿಯಾದ ರಿಚ್ಮಂಡ್ 2007ರಲ್ಲಿ ಬೀದಿ ಕಾರ್ಯಕರ್ತರನ್ನು ನಗರಸಭೆಯ ನೌಕರರನ್ನಾಗಿಯೇ ನೇಮಿಸಿಕೊಂಡಿತು. ಯುವಕರಿಗೆ ಕೊಡುವ ಮಾಸಿಕ ಭತ್ಯೆಗೆ ಮಾತ್ರ ಖಾಸಗಿ ದೇಣಿಗೆ ಬಳಸಿತು. ಟೀಕೆಗೆ ಗುರಿಯಾಗುವ ಖರ್ಚನ್ನು ತೆರಿಗೆ ಹಣದಿಂದ ಬೇರ್ಪಡಿಸಿದ ಈ ಜಾಣತನಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆಂದು 2019ರಲ್ಲಿ ಸ್ಥಾಪನೆಯಾದ 'ಯೂತ್ ಎಂಡೋಮೆಂಟ್ ಫಂಡ್'ಗೆ ಸರ್ಕಾರ ಹತ್ತು ವರ್ಷಕ್ಕೆ 20 ಕೋಟಿ ಪೌಂಡ್ ಒಮ್ಮೆಲೇ ಕೊಟ್ಟಿತು. ಸಚಿವರು ಬದಲಾದರೂ ಹಣ ಉಳಿಯುವುದು ಈ ಕ್ರಮದ ಲಾಭ.

ಅಮೆರಿಕದಲ್ಲಿ 2021ರ ನಂತರ ಸಾಂಕ್ರಾಮಿಕ ಪರಿಹಾರದ ಕೇಂದ್ರ ನಿಧಿಯಿಂದ ಈ ಕ್ಷೇತ್ರಕ್ಕೆ ಹಿಂದೆಂದೂ ಇಲ್ಲದಷ್ಟು ಹಣ ಹರಿಯಿತು. 2022ರ ಕಾಯ್ದೆಯೊಂದು ಐದು ವರ್ಷಕ್ಕೆ 25 ಕೋಟಿ ಡಾಲರನ್ನು ಇದಕ್ಕೆಂದೇ ಮೀಸಲಿಟ್ಟಿತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ನ್ಯಾಯ ಇಲಾಖೆ ನೂರಾರು ಅನುದಾನಗಳನ್ನು ಅವಧಿಗೆ ಮೊದಲೇ ರದ್ದುಮಾಡಿತು, ಹಿಂಸೆ ತಡೆಯ ಸಂಘಗಳಿಗೆ ಸಿಕ್ಕಿದ್ದ ಹಲವೂ ಅದರಲ್ಲಿ ಸೇರಿದ್ದವು. ಸಾಂಕ್ರಾಮಿಕ ಪರಿಹಾರ ನಿಧಿಯನ್ನು ಖರ್ಚು ಮಾಡಲು ಕೊನೆಯ ಗಡುವು 2026ರ ಡಿಸೆಂಬರ್ 31.