ಇಂಡಿ ಸಂಗೀತ, ಕರ್ನಾಟಕದಲ್ಲಿ: ಎಲೆಕ್ಟ್ರಾನಿಕ್ ಮತ್ತು ಸರಳ ಪಾಪ್

ಸಿನಿಮಾದ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವವರ ಸಂಗೀತಕ್ಕೆ ಇಂಡಿ ಎಂಬ ಹೆಸರು ರೂಢಿಯಲ್ಲಿದೆ. ಇವರಲ್ಲಿ ಹಲವರು ಎರಡು ಕಡೆ ಓಡಾಡುತ್ತಾರೆ: ಸಿಂಥಸೈಜರ್, ಸ್ಯಾಂಪ್ಲರ್, ಲ್ಯಾಪ್‌ಟಾಪ್‌ಗಳಲ್ಲಿ ಪದರಪದರವಾಗಿ ಹೆಣೆದ ನಾದ ಒಂದು, ದನಿ, ಗಿಟಾರ್ ಬಿಟ್ಟು ಹೆಚ್ಚೇನೂ ಬೇಡದ ಹಾಡು ಇನ್ನೊಂದು. ಬ್ರಿಟನ್ನಿನ ‘ಎವೆರಿಥಿಂಗ್ ಬಟ್ ದ ಗರ್ಲ್’ ಜೋಡಿ ಇದಕ್ಕೆ ಹೆಸರಾದ ಉದಾಹರಣೆ. 1984ರ ‘ಈಡನ್’ ಆಲ್ಬಮ್‌ನಲ್ಲಿ ಮೆಲುದನಿಯ ಹಾಡು ಹಾಡಿದವರು 1996ರ ‘ವಾಕಿಂಗ್ ವೂಂಡೆಡ್’ ಹೊತ್ತಿಗೆ ಡ್ರಮ್ ಅಂಡ್ ಬಾಸ್ ಎಂಬ ಎಲೆಕ್ಟ್ರಾನಿಕ್ ಲಯಕ್ಕೆ ಬಂದಿದ್ದರು.

ಕನ್ನಡದಲ್ಲಿ ದಾರಿ ಬೇರೆ. ಇಲ್ಲಿ ಯಂತ್ರದ ನಾದವನ್ನು ಮನೆಮಾತಾಗಿಸಿದ್ದು ಸಿನಿಮಾ. ಹಂಸಲೇಖ ಅವರ ‘ಪ್ರೇಮಲೋಕ’ (1987) ನೆನೆದರೆ ಸಾಕು. ಸರಳ ಹಾಡಿಗೆ ಭಾವಗೀತೆಯ ನೆಲ ಮೊದಲೇ ಹದವಾಗಿತ್ತು. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲೇ ಬಂದಿತ್ತು. ಹಾಗಾಗಿ ಇಲ್ಲಿನ ಇಂಡಿ ಗಾಯಕನಿಗೆ ಸರಳತೆ ಹೊಸ ಪ್ರಯೋಗವೇನಲ್ಲ, ಹಿರಿಯರಿಂದ ಬಂದದ್ದು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಈ ಓಡಾಟದ ಮುಖ್ಯ ಹೆಸರು. ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ‘ಅಂತರಾಗ್ನಿ’ ತಂಡದ ನಂತರ ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ ಕಟ್ಟಿದರು. 2008ರಲ್ಲಿ ಬಂದ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದಗಳು ಗಿಟಾರ್, ಪಿಟೀಲಿನ ಜೊತೆ ಕೇಳಿಸಿದವು. ಅದೇ ವರ್ಷ ‘ಸೈಕೋ’ ಚಿತ್ರಕ್ಕೆ ಅವರದೇ ಸಂಗೀತ. ಅದರ ‘ನಿನ್ನ ಪೂಜೆಗೆ ಬಂದೆ ಮಹದೇಶ್ವರ’ ಹಾಡು ಊರೂರು ತಲುಪಿತು. ‘ಜಸ್ಟ್ ಮಾತ್ ಮಾತಲ್ಲಿ’ (2010), ‘ಲವ್ ಮಾಕ್‌ಟೇಲ್’ (2020) ಅವರು ಸಂಗೀತ ನೀಡಿದ ಆಮೇಲಿನ ಚಿತ್ರಗಳು. ಸ್ಟುಡಿಯೊದಲ್ಲಿ ಎಷ್ಟೇ ಪದರ ಸೇರಿಸಿದರೂ ವೇದಿಕೆಯಲ್ಲಿ ಅವರ ಹಾಡು ನಿಲ್ಲುವುದು ಏರುದನಿ ಮತ್ತು ಗಿಟಾರ್ ಮೇಲೆಯೇ. ಶರೀಫರ ಪದವೂ ಇದಕ್ಕೆ ಕಾರಣವಿರಬೇಕು: ಏಕತಾರಿಗೆ ಒಗ್ಗಿದ್ದು ಯಾವ ವಾದ್ಯಕ್ಕೂ ಒಗ್ಗುತ್ತದೆ. ರಘು ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ತಂಡದ ಗಾಯಕರು. ಅವರದು ಜಾನಪದ-ರಾಕ್ ಹಾದಿ.

ಬೆಂಗಳೂರಿನ ‘ಸಲ್ಕ್ ಸ್ಟೇಷನ್’ ಹೊರಟಿದ್ದು ಎದುರು ದಿಕ್ಕಿನಿಂದ. ತನ್ವಿ ರಾವ್ ಮತ್ತು ರಾಹುಲ್ ಗಿರಿ ಜೋಡಿಯ ‘ಟಿಲ್ ಯು ಅಪಿಯರ್’ (2012) ಪೂರ್ತಿ ಎಲೆಕ್ಟ್ರಾನಿಕ್ ಆಲ್ಬಮ್. ಬ್ರಿಸ್ಟಲ್ ನಗರದ ಟ್ರಿಪ್-ಹಾಪ್ ನೆನಪಿಸುವ ನಿಧಾನ ಲಯ, ಅದರ ಮೇಲೆ ಹಿಂದೂಸ್ತಾನಿ ಛಾಯೆಯ ದನಿ. ವಾದ್ಯ ಹೆಚ್ಚಿಸುವ ಬದಲು ಬಿಡುವು ಹೆಚ್ಚಿಸುವುದು ಇವರ ಕ್ರಮ. ಯಂತ್ರ ಬಳಸಿಯೂ ಹಾಡು ಸರಳವಾಗಿ ಉಳಿಯಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ರಾಹುಲ್ ಗಿರಿ ‘ಆರ್‌ಎಚ್‌ಎಲ್’ ಹೆಸರಿನಲ್ಲಿ ಒಂಟಿಯಾಗಿಯೂ ಎಲೆಕ್ಟ್ರಾನಿಕ್ ಸಂಗೀತ ರಚಿಸುತ್ತಾರೆ. ‘ಕನ್ಸಾಲಿಡೇಟ್’ ಎಂಬ ಲೇಬಲ್ ಮೂಲಕ ಬೆಂಗಳೂರಿನ ಇತರರ ರಚನೆಗಳನ್ನೂ ಹೊರತಂದಿದ್ದಾರೆ.