ಕೊಯಮತ್ತೂರಿನ ಪೇಟೆಯೂ ಹೊಸ ಮಳಿಗೆಗಳೂ

ಕಳೆದ ತಿಂಗಳು ನಮ್ಮ ಸಂಘದ ಚರ್ಚಾಕೂಟಕ್ಕೆ ಗೊತ್ತುಮಾಡಿದ್ದ ವಿಷಯ, "ಕೊಯಮತ್ತೂರಿನ ನಡುಪೇಟೆಗೆ ದೊಡ್ಡ ಹೋಟೆಲುಗಳೂ ಮಹಾಮಳಿಗೆಗಳೂ ಬೇಕೆ?" ಎಂಬುದು. ಬೇಕೆಂದವರು ಇಕ್ಕಟ್ಟಾದ ಬೀದಿಗಳನ್ನೂ, ವಾಹನ ನಿಲ್ಲಿಸಲು ಸ್ಥಳವಿಲ್ಲದ ತೊಂದರೆಯನ್ನೂ, ಹೆಂಗಸರಿಗೆ ಶೌಚಾಲಯವಿಲ್ಲದ ಕಷ್ಟವನ್ನೂ ಎತ್ತಿ ತೋರಿಸಿದರು. ಬೇಡವೆಂದವರು ಮೂರು ತಲೆಮಾರಿನ ಅಂಗಡಿಕಾರರ ಪರಿಚಯ, ನಂಬಿಕೆ, ತಿಂಗಳ ಲೆಕ್ಕದ ಸಾಲ ಇವುಗಳನ್ನು ಹೊಗಳಿದರು. ಹೊತ್ತು ಮೀರಿತೆಂದು ಅಧ್ಯಕ್ಷರು ಗಂಟೆ ಬಾರಿಸಿದರೇ ಹೊರತು ತೀರ್ಮಾನವೇನೂ ಆಗಲಿಲ್ಲ. ಮನೆಗೆ ಮರಳುವಾಗ ನನಗೆ ಒಂದು ಮಾತು ತೋರಿತು. ಎರಡು ಪಕ್ಷದವರೂ ನಮ್ಮ ಪೇಟೆ ಅನಾದಿಯಿಂದಲೂ ಹೀಗೆಯೇ ಇದ್ದಿತೆಂದು ಭಾವಿಸಿ ವಾದಿಸಿದ್ದರು. ಪೇಟೆ ಹೇಗೆ ಬೆಳೆಯಿತು, ಯಾರು ಬೆಳೆಸಿದರು ಎಂಬುದನ್ನು ತಿಳಿಯದೆ ಅದಕ್ಕೆ ಏನು ಬೇಕು, ಏನು ಬೇಡ ಎಂದು ಹೇಳುವುದು ಹೇಗೆ? ಆದುದರಿಂದ ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ನೊಯ್ಯಲ್ ನದಿಯ ಉತ್ತರಕ್ಕೆ, ಅದರ ನೀರನ್ನು ತಡೆದು ನಿಲ್ಲಿಸಿದ ಕೆರೆಗಳ ಮಗ್ಗುಲಲ್ಲಿ ಬೆಳೆದ ಊರು ಕೊಯಮತ್ತೂರು. ಪಶ್ಚಿಮಕ್ಕೆ ಪಾಲಕ್ಕಾಡಿನ ಕಣಿವೆಯ ಮೂಲಕ ಮಲೆಯಾಳ ಸೀಮೆ. ಉತ್ತರಕ್ಕೆ ಗಜ್ಜಲಹಟ್ಟಿಯ ಕಣಿವೆಯ ಮೂಲಕ ಮೈಸೂರು. ಈ ಎರಡು ದಾರಿಗಳೂ ಕೂಡುವ ಸೀಮೆಯಾದುದರಿಂದ ದಂಡೂ ಬಂದಿತು, ವ್ಯಾಪಾರವೂ ಬಂದಿತು. ಹದಿನೇಳನೆಯ ಶತಮಾನದಿಂದ ಈ ನಾಡು ಮೈಸೂರಿನ ಆಳಿಕೆಗೆ ಸೇರಿದ್ದಿತು. 1791ರ ನವೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಇಲ್ಲಿಯ ಕೋಟೆಯನ್ನು ಇಂಗ್ಲಿಷರಿಂದ ಮರಳಿ ವಶಪಡಿಸಿಕೊಂಡಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಊರು ಇಂಗ್ಲಿಷರದಾಯಿತು. ಮರುವರ್ಷವೇ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಪ್ರವಾಸದಲ್ಲಿ ಈ ಸೀಮೆಯನ್ನೂ ಹಾದುಹೋಗಿ, ಬೇಸಾಯ, ನೇಯ್ಗೆ, ಸಂತೆಗಳನ್ನು ಕುರಿತು ಬರೆದಿಟ್ಟನು. ಕೋಟೆ ಇಂದಿಲ್ಲ, ಕೋಟೆಮೇಡು ಎಂಬ ಹೆಸರು ಮಾತ್ರ ಉಳಿದಿದೆ. ಪೇಟೆಯಾದರೋ ಉಳಿಯಿತು.

ಆ ಹಳೆಯ ಪೇಟೆಯ ಬೀದಿಗಳ ಹೆಸರುಗಳನ್ನು ಹೇಳುತ್ತ ಹೋದರೆ ಅದೇ ಒಂದು ಚರಿತ್ರೆ. ರಾಜವೀದಿ, ಒಪ್ಪಣಕಾರ ಬೀದಿ, ವೈಶ್ಯಾಳ್ ಬೀದಿ, ಕರುಪ್ಪಗೌಂಡರ್ ಬೀದಿ, ದಿನಸಿಯ ಸಗಟು ವ್ಯಾಪಾರಕ್ಕೆ ಹೆಸರಾದ ರಂಗೈಗೌಡರ್ ಬೀದಿ, ತಮಿಳಿನಲ್ಲಿ ಪೆರಿಯ ಕಡೈ ವೀದಿ ಎನಿಸಿಕೊಳ್ಳುವ ದೊಡ್ಡಪೇಟೆ ಬೀದಿ. ಊರದೇವತೆ ಕೋಣಿಯಮ್ಮನ ತೇರು ಪ್ರತಿವರ್ಷ ಮಾಸಿ ಮಾಸದಲ್ಲಿ ರಾಜವೀದಿಯಿಂದ ಹೊರಟು, ಒಪ್ಪಣಕಾರ, ವೈಶ್ಯಾಳ್, ಕರುಪ್ಪಗೌಂಡರ್ ಬೀದಿಗಳನ್ನು ಸುತ್ತಿ ಮತ್ತೆ ನೆಲೆಗೆ ಬರುತ್ತದೆ. ಅದೇ ಒಪ್ಪಣಕಾರ ಬೀದಿಯಲ್ಲಿ ಮಸೀದಿಯಿದೆ. ದೊಡ್ಡಪೇಟೆ ಬೀದಿಯಲ್ಲಿ ಸಂತ ಮಿಕೇಲರ ದೊಡ್ಡ ಇಗರ್ಜಿಯಿದೆ. ತಮಿಳು, ತೆಲುಗು, ಉರ್ದು, ಮಲೆಯಾಳ, ಗುಜರಾತಿ, ಮಾರವಾಡಿ ಮಾತುಗಳೆಲ್ಲ ಒಂದೇ ಬೀದಿಯಲ್ಲಿ ಚೌಕಾಸಿ ಮಾಡುತ್ತವೆ.

ಕನ್ನಡಿಗರಾದ ನಮಗೆ ಈ ಬೀದಿಗಳಲ್ಲಿ ಇನ್ನೊಂದು ಬಾಂಧವ್ಯವೂ ಉಂಟು. ನೇಯ್ಗೆಯ ಕುಲದವರಾದ ದೇವಾಂಗರಲ್ಲಿ ಬಹುಮಂದಿ ತಲೆತಲಾಂತರಗಳಿಂದ ಇಲ್ಲಿ ನೆಲೆಸಿ, ಹೊರಗೆ ತಮಿಳನ್ನಾಡಿದರೂ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದವರು. ರಾಜವೀದಿಯ ಚೌಡೇಶ್ವರಿಯಮ್ಮನು ಅವರ ಕುಲದೇವತೆ. ವಿಜಯದಶಮಿಯಂದು ಆ ಕುಲದ ಗಂಡಸರು ಮೆರವಣಿಗೆಯಲ್ಲಿ ಕತ್ತಿಗಳಿಂದ ತಮ್ಮ ಮೈಗೆ ತಾವೇ ಗಾಯಮಾಡಿಕೊಂಡು ದೇವಿಗೆ ಸೇವೆ ಸಲ್ಲಿಸುವುದನ್ನು ಕಾಣಲು ಊರೇ ನೆರೆಯುತ್ತದೆ. ಕನ್ನಡವನ್ನು ಓದಬಾರದ, ಬರೆಯಬಾರದ ಈ ಜನರ ನಾಲಗೆಯ ಮೇಲೆ ಕನ್ನಡವು ಉಳಿದುದಕ್ಕೆ ಅವರ ಮನೆಗಳು ಒತ್ತಾಗಿದ್ದುದೂ, ಗುಡಿ ಮತ್ತು ಮಗ್ಗಗಳು ಹತ್ತಿರದಲ್ಲಿದ್ದುದೂ ಕಾರಣವೆಂದು ನನ್ನ ಭಾವನೆ. ಪೇಟೆಯೆಂದರೆ ಮಾರುವ, ಕೊಳ್ಳುವ ಸ್ಥಳವಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಇಂಗ್ಲಿಷರ ಕಾಲದಲ್ಲಿ ಪೇಟೆಯ ಸುತ್ತ ನಗರವು ಬೆಳೆಯಿತು. 1862ರಲ್ಲಿ ಮದರಾಸಿನಿಂದ ಪಶ್ಚಿಮ ಕರಾವಳಿಯವರೆಗಿನ ರೈಲುದಾರಿ ಪೋದನೂರಿನ ಮೇಲೆ ಹಾದುಹೋಯಿತು. 1873ರಲ್ಲಿ ಮೇಟ್ಟುಪಾಳಯಕ್ಕೆ ಕವಲುದಾರಿ ಬಂದಿತು. 1866ರಲ್ಲಿ ಪುರಸಭೆ ಸ್ಥಾಪನೆಯಾಯಿತು. 1888ರಲ್ಲಿ ಮೊದಲನೆಯ ನೂಲಿನ ಗಿರಣಿ ತಲೆಯೆತ್ತಿತು. 1892ರಲ್ಲಿ ಪೇಟೆಯ ಬಾಗಿಲಲ್ಲೇ ವಿಕ್ಟೋರಿಯಾ ಪುರಭವನವು ನಿಂತಿತು. ಇವುಗಳಿಗೆ ಶ್ರಮಿಸಿದವರಲ್ಲಿ ಪತ್ರಿಕೋದ್ಯೋಗಿಗಳಾದ ಎಸ್. ಪಿ. ನರಸಿಂಹಲು ನಾಯುಡು ಅವರು ಪ್ರಮುಖರು. ಸಿರುವಾಣಿಯ ನೀರನ್ನು ಊರಿಗೆ ತರಬೇಕೆಂದು 1889ರಷ್ಟು ಹಿಂದೆಯೇ ಸೂಚಿಸಿದವರೂ ಅವರೇ. ಆ ನೀರು ಊರನ್ನು ಸೇರುವುದಕ್ಕೆ ಸುಮಾರು ನಾಲ್ವತ್ತು ವರ್ಷ ಹಿಡಿಯಿತು.

ನೀರಿಗಿಂತ ಮುಂಚೆ ಬಂದುದು ಪ್ಲೇಗು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಒತ್ತೊತ್ತಾದ ಮನೆಗಳ ನಡುವೆ ಈ ಮಾರಿ ಹೇಗೆ ಹರಡಿತೆಂಬುದಕ್ಕೆ ಊರಿನಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗ್ ಮಾರಿಯಮ್ಮನ ಗುಡಿಗಳೇ ಸಾಕ್ಷಿ. ಆಗ ಪುರಸಭೆಯವರು ಹಳೆಯ ಪೇಟೆಯನ್ನು ಕೆಡವಲು ಹೊರಡಲಿಲ್ಲ. ಪಶ್ಚಿಮದ ಬಯಲಿನಲ್ಲಿ ನೇರವಾದ, ಅಗಲವಾದ ರಸ್ತೆಗಳ ಹೊಸ ಬಡಾವಣೆಯೊಂದನ್ನು ಬಿಡಿಸಿದರು. ಪುರಸಭೆಯ ಅಧ್ಯಕ್ಷರಾಗಿದ್ದ ರತ್ನಸಭಾಪತಿ ಮೊದಲಿಯಾರರ ಹೆಸರನ್ನು ಹೊತ್ತ ಆರ್. ಎಸ್. ಪುರವೇ ಅದು. ಜನರಲ್ಲಿ ಕೆಲವರು ಅತ್ತ ಹೋದರು, ಪೇಟೆಯ ಉಸಿರು ಸಡಿಲವಾಯಿತು, ಪೇಟೆಯೂ ಉಳಿಯಿತು. ಇದೇ ಕಾಲದಲ್ಲಿ, 1914ರಲ್ಲಿ, ರೈಲ್ವೆಯ ಗುಮಾಸ್ತರಾಗಿದ್ದ ಸಾಮಿಕಣ್ಣು ವಿನ್ಸೆಂಟರು ವೆರೈಟಿ ಹಾಲನ್ನು ಕಟ್ಟಿದರು. ದಕ್ಷಿಣ ಭಾರತದ ಮೊದಮೊದಲ ಕಾಯಂ ಚಿತ್ರಮಂದಿರಗಳಲ್ಲಿ ಅದೊಂದು. ಮುಂದೆ ಪೈಕಾರಾದ ವಿದ್ಯುತ್ತು ಬಂದು, ಗಿರಣಿಗಳು ಹೆಚ್ಚಿ, 1901ರಲ್ಲಿ 53,080 ಜನರಿದ್ದ ಊರು 2011ರ ಗಣತಿಯ ವೇಳೆಗೆ 10,50,721 ಜನರ ಮಹಾನಗರವಾಯಿತು. ಬಸ್ಸುನಿಲ್ದಾಣವನ್ನು ಹೊಂದಿದ ಗಾಂಧಿಪುರವು ಇನ್ನೊಂದು ಪೇಟೆಯಾಗಿ ಬೆಳೆಯಿತು.

ಹಳೆಯ ಪೇಟೆಯ ಕಥೆಯಲ್ಲಿ ಕಣ್ಣೀರಿನ ಪುಟಗಳೂ ಇವೆ. 1997ರ ಕೊನೆಯ ಗಲಭೆಯಲ್ಲಿ ಇಲ್ಲಿಯ ಅಂಗಡಿಗಳು ಲೂಟಿಯಾದುವು, ಸುಟ್ಟುಹೋದುವು, ಜನರು ಸತ್ತರು. 1998ರ ಫೆಬ್ರವರಿ 14ರ ಬಾಂಬುಗಳಿಗೆ 58 ಮಂದಿ ಬಲಿಯಾದರು. ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬಲು ಅಂಜಿದ ಆ ದಿನಗಳ ತರುವಾಯವೂ ಬೀದಿಗಳು ಮತ್ತೆ ತೆರೆದುವು. ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಸರಕು ಮಾರಿದರು. ಆದುದರಿಂದ ಹಳೆಯ ಪೇಟೆಯಲ್ಲಿ ಸೌಹಾರ್ದವು ತಾನಾಗಿಯೇ ಇರುತ್ತದೆಂದು ನಾನು ಹೇಳಲಾರೆ. ಅದನ್ನು ಪ್ರತಿದಿನವೂ ಹೊಸದಾಗಿ ಗಳಿಸಬೇಕು.

ಇನ್ನು ಹೋಟೆಲುಗಳ ಮಾತು. ಹೋಟೆಲೆಂದರೆ ಕನ್ನಡಿಗರ ಕಿವಿ ನಿಮಿರುವುದು ಸಹಜ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ರಾಜ್ಯದಲ್ಲಿದ್ದಿತು. ಕೊಳ್ಳೇಗಾಲವಂತೂ ನಮ್ಮ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕಾಗಿದ್ದಿತು. ಉಡುಪಿಯ ಕಡೆಯ ಹುಡುಗರು ಲೋಟ ತೊಳೆಯುವ ಕೆಲಸದಿಂದ ಮೊದಲುಮಾಡಿ ಮದರಾಸು ಪ್ರಾಂತದ ಪಟ್ಟಣಗಳಲ್ಲಿ ಹೋಟೆಲು ನಡೆಸುವಷ್ಟು ಬೆಳೆದರು. ಅವರಲ್ಲಿ ಅಗ್ರಗಣ್ಯರಾದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಸಂಸ್ಥೆಗೆ ಸೇರಿದ, ಕಾರಿನಲ್ಲಿಯೇ ಕುಳಿತು ತಿಂಡಿ ತಿನ್ನಬಹುದಾಗಿದ್ದ ಹೋಟೆಲು ಮದರಾಸಿನ ಉದ್ಯಾನವೊಂದರಲ್ಲಿ 1962ರಲ್ಲಿ ತೆರೆದು, 2008ರಲ್ಲಿ ಮುಚ್ಚಿತು. ಅಲ್ಲಿ 2010ರಲ್ಲಿ ಸಾರ್ವಜನಿಕ ಸಸ್ಯೋದ್ಯಾನವಾಯಿತು. ಹೋಟೆಲಿನ ನೆಲ ಮತ್ತೆ ಮರಗಳಿಗೆ ದೊರೆತ ಈ ಪ್ರಸಂಗ ಅಪರೂಪದ್ದು.

ಆದರೆ ಆ ಹಳೆಯ ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿದ್ದಿತೆ? ನಾವು ಸತ್ಯವನ್ನು ಮರೆಮಾಚಬಾರದು. ಜಾತಿಗೊಂದು ಪಂಕ್ತಿ, ಹೊರಗೆ ನಿಂತು ಕುಡಿಯುವವರಿಗೆ ಬೇರೆ ಲೋಟ, ಕೆಲವರಿಗೆ ಪ್ರವೇಶವೇ ಇಲ್ಲವೆಂಬ ಸ್ಥಿತಿ ನಾಡಿನಾದ್ಯಂತ ಇದ್ದಿತು. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ರಸ್ತೆ ಇವುಗಳನ್ನು ಒಟ್ಟಾಗಿ ಹೆಸರಿಸಿ, ಜಾತಿಮತಗಳ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಬಾರದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮವು ತಡೆದವರಿಗೆ ಶಿಕ್ಷೆಯನ್ನು ಗೊತ್ತುಮಾಡಿತು. ಆದುದರಿಂದ, ಗಾಜಿನ ಬಾಗಿಲಿನ ಹೊಸ ಮಳಿಗೆಯಲ್ಲಿ ಯಾರೂ ಜಾತಿಯನ್ನು ಕೇಳುವುದಿಲ್ಲವೆಂದು ಒಬ್ಬ ಯುವಕನು ನಮ್ಮ ಕೂಟದಲ್ಲಿ ಹೇಳಿದಾಗ, ಆ ಮಾತಿಗೆ ತೂಕವಿದ್ದಿತು. ಜಾತಿಯನ್ನು ಕೇಳದ ಆ ಬಾಗಿಲು ಜೇಬನ್ನು ಮಾತ್ರ ಕೇಳದೆ ಬಿಡುವುದಿಲ್ಲ.

ಹೊಸ ಮಳಿಗೆಗಳು ಬಂದ ಬಗೆಯನ್ನೂ ಗಮನಿಸಬೇಕು. 2009ರಲ್ಲಿ ಬ್ರೂಕ್‌ಬಾಂಡ್ ರಸ್ತೆಯಲ್ಲಿ ಬ್ರೂಕ್‌ಫೀಲ್ಡ್ಸ್ ಮಾಲ್ ತೆರೆಯಿತು. 1910ರಲ್ಲಿ ಸ್ಥಾಪಿತವಾದ ಲಕ್ಷ್ಮೀ ಮಿಲ್ಸಿನ ಅವಿನಾಶಿ ರಸ್ತೆಯ ಆವರಣದಲ್ಲಿ 2023ರ ಜೂನಿನಲ್ಲಿ ಲುಲು ಸಂಸ್ಥೆಯ ಮಹಾಮಳಿಗೆ ತೆರೆಯಿತು. ನೂಲುತ್ತಿದ್ದ ನೆಲದಲ್ಲಿ ಈಗ ಮಾರುತ್ತಾರೆ. 1888ರ ಆ ಮೊದಲನೆಯ ಗಿರಣಿ ಮುಂದೆ ರಾಷ್ಟ್ರೀಯ ಜವಳಿ ನಿಗಮದ ಕೈಸೇರಿತು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ನಿಗಮದ ಗಿರಣಿಗಳು ನಿಂತಾಗ, ಅವುಗಳನ್ನು ಮತ್ತೆ ನಡೆಸಬೇಕೆಂದು ಕಾರ್ಮಿಕರು ವರ್ಷಗಟ್ಟಲೆ ಮೊರೆಯಿಟ್ಟರು. ಪ್ಲೇಗಿನ ಕಾಲದಲ್ಲಿ ಬಡಾವಣೆಗೆ ಬಯಲು ದೊರೆತಂತೆ ನಮ್ಮ ಕಾಲದಲ್ಲಿ ಮಳಿಗೆಗೆ ದೊರೆಯುವ ನೆಲ ಗಿರಣಿಗಳದು.

ಹಳೆಯದೆಲ್ಲ ಕ್ಷೇಮವೆಂದು ಭಾವಿಸುವವರು ತಿರುಪ್ಪೂರನ್ನು ನೆನೆಯಬೇಕು. ಲುಲು ಮಳಿಗೆ ತೆರೆದ ಅದೇ 2023ರ ಜೂನಿನಲ್ಲಿ, ಅಲ್ಲಿಯ ರೈಲುನಿಲ್ದಾಣಕ್ಕೆ ಹತ್ತಿರದ ಖಾದರಪೇಟೆಯಲ್ಲಿ ಬೆಂಕಿ ಬಿದ್ದು ಐವತ್ತರಷ್ಟು ಬನಿಯನ್ ಅಂಗಡಿಗಳು ಬೂದಿಯಾದುವು. ಒತ್ತೊತ್ತಾದ ಅಂಗಡಿಗಳಲ್ಲಿ ಒಂದಕ್ಕೆ ತಗುಲಿದ ಕಿಡಿ ಸಾಲಿಗೇ ತಗುಲುತ್ತದೆ. ನೀರಿನ ಗಾಡಿ ಹೋಗಲು ದಾರಿ, ಸರಿಯಾದ ತಂತಿ, ಹೊರಬರಲು ಎರಡನೆಯ ಬಾಗಿಲು ಇವು ಬಡ ವ್ಯಾಪಾರಿಗೂ ಬೇಕಾದುವು. ಇವುಗಳನ್ನು ಒದಗಿಸದೆ ಪೇಟೆಯನ್ನು ಹೊಗಳುವುದರಿಂದ ಪ್ರಯೋಜನವಿಲ್ಲ.

ಹಾಗಾದರೆ ಭೇದವೆಲ್ಲಿ? ರಾಜವೀದಿಯಲ್ಲಿ ಅಂಗಡಿ ಒಬ್ಬನದು, ಬೀದಿ ಎಲ್ಲರದು. ಕೊಳ್ಳದವನೂ ನಡೆಯಬಹುದು, ತೇರು ಹಾಯಬಹುದು, ಹೂವಿನವಳು ಬುಟ್ಟಿಯನ್ನಿಟ್ಟು ಕುಳಿತುಕೊಳ್ಳಬಹುದು. ಹೊಸ ಸಮುಚ್ಚಯದಲ್ಲಿ ಅಂಗಡಿಯೂ ಒಡೆಯನದು, ಅಂಗಡಿಗಳ ನಡುವಣ ಓಣಿಯೂ ಒಡೆಯನದು. ಈ ಭೇದವನ್ನು ನನಗೆ ಮನಗಾಣಿಸಿದುದು ಯಾವ ಗ್ರಂಥವೂ ಅಲ್ಲ. ಚರ್ಚಾಕೂಟದ ಮಾರನೆಯ ವಾರ ನಾಲ್ಕನೆಯ ತರಗತಿಯ ಮಕ್ಕಳಿಗೆ ಪೇಟೆಯ ಚಿತ್ರ ಬರೆಯಲು ಹೇಳಿದೆನು. ಅನೇಕರು ಗಾಜಿನ ಕಟ್ಟಡವನ್ನೂ ತಾನಾಗಿ ಚಲಿಸುವ ಮೆಟ್ಟಿಲುಗಳನ್ನೂ ಬರೆದರು. ಒಬ್ಬ ಹುಡುಗಿ ಆ ಕಟ್ಟಡವನ್ನೇ ಬರೆದು, ಗೇಟಿನ ಹೊರಗೆ, ಕಾಗದದ ಅಂಚಿನಲ್ಲಿ, ಕೊಡೆ ಕಟ್ಟಿದ ಪುಟ್ಟ ತಳ್ಳುಗಾಡಿಯನ್ನು ಬರೆದಿದ್ದಳು. ಅದೇಕೆ ಅಷ್ಟು ದೂರವೆಂದು ಕೇಳಿದೆನು. "ಅದು ಅಪ್ಪನ ಗಾಡಿ, ಟೀಚರ್. ಒಳಗೆ ಬಿಡುವುದಿಲ್ಲ" ಎಂದಳು. ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದಳು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಹೊಸ ಹೋಟೆಲುಗಳೂ ಮಳಿಗೆಗಳೂ ಬರಲಿ. ಅವುಗಳಲ್ಲಿ ನಮ್ಮ ಮಕ್ಕಳಿಗೆ ಉದ್ಯೋಗವೂ ದೊರೆಯಲಿ. ಆದರೆ ಅವುಗಳಿಗಾಗಿ ಹಳೆಯ ಬೀದಿಯ ಜನರನ್ನು ಎಬ್ಬಿಸುವುದಾಗಲಿ, ಕೆರೆಯ ಅಂಚನ್ನು ಮೆಟ್ಟುವುದಾಗಲಿ ಬೇಡ; ನಮ್ಮ ಹಿರಿಯರು ಪ್ಲೇಗಿನಂತಹ ಕಷ್ಟಕಾಲದಲ್ಲಿಯೂ ಪೇಟೆಯನ್ನು ಉಳಿಸಿ ಊರನ್ನು ಬೆಳೆಸಿದರು. ಗಿರಣಿಯ ನೆಲ ಮಳಿಗೆಯಾಗುವಾಗ ಅದರಲ್ಲೊಂದು ಪಾಲು ಗೇಟಿಲ್ಲದ ಸಾರ್ವಜನಿಕ ದಾರಿಗೂ, ಮರದ ನೆರಳಿಗೂ, ತಳ್ಳುಗಾಡಿಗೂ ಮೀಸಲಾಗಲಿ. 2014ರ ಬೀದಿವ್ಯಾಪಾರಿಗಳ ಅಧಿನಿಯಮವು ನಗರದ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನು ಬೀದಿವ್ಯಾಪಾರಿಗಳಿಗೇ ಕೊಟ್ಟಿದೆ. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕೆಂದೂ ವಿಧಿಸಿದೆ. ಆ ಸ್ಥಾನಗಳಲ್ಲಿ ಕುಳಿತವರ ಮಾತನ್ನು ಕೇಳಿದ ಮೇಲೆಯೇ ನಕ್ಷೆಗಳಿಗೆ ಸಹಿಯಾಗಲಿ.

ನಮ್ಮ ಸಂಘದಿಂದ ಆಗಬಹುದಾದ ಕೆಲಸವೂ ಒಂದಿದೆ. ರಾಜವೀದಿಯ ಸುತ್ತಿನ ಹಿರಿಯ ದೇವಾಂಗ ಗೃಹಸ್ಥರನ್ನು ಕಂಡು, ಅವರ ಬೀದಿ, ಮಗ್ಗ, ಗುಡಿ, ಮನೆಮಾತುಗಳ ವಿಷಯವನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಬರುವ ವಿಜಯದಶಮಿಗೆ ಮುಂಚೆ ಈ ಕಾರ್ಯವನ್ನು ಆರಂಭಿಸಲು ನಾಲ್ಕಾರು ಮಂದಿ ಸದಸ್ಯರು ಮುಂದೆ ಬಂದರೆ, ಭಾನುವಾರಗಳಂದು ಅವರೊಡನೆ ಬರಲು ನಾನು ಸಿದ್ಧಳಿದ್ದೇನೆ.