ಕರುಳಿನ ರಕ್ತಪರಿಚಲನೆಯ ಪ್ರತಿದೀಪ್ತಿ ಪರೀಕ್ಷೆ

ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಕರುಳಿನ ಗೋಡೆಗೆ ರಕ್ತ ಮುಟ್ಟುತ್ತಿದೆಯೇ ಇಲ್ಲವೇ ಎಂಬುದನ್ನು, ಸಿರೆಯೊಳಕ್ಕೆ ಚುಚ್ಚಿದ ವರ್ಣದ್ರವ್ಯವೊಂದರ ಹೊಳಪನ್ನು ವಿಶೇಷ ಕ್ಯಾಮೆರಾದಿಂದ ನೋಡಿ ನಿರ್ಣಯಿಸುವ ವಿಧಾನ. ಇದಕ್ಕೆ ಈಗ ಹೆಚ್ಚಾಗಿ ಬಳಕೆಯಾಗುವ ದ್ರವ್ಯ ಇಂಡೊಸಯನೀನ್ ಗ್ರೀನ್. ಶಸ್ತ್ರಕ್ರಿಯಾಗಾರದ ಆಡುಮಾತಿನಲ್ಲಿ ಬರಿಯ ಐಸಿಜಿ.

ರೋಗಗ್ರಸ್ತವಾದ ಭಾಗವನ್ನು ಕತ್ತರಿಸಿ ತೆಗೆದು, ಉಳಿದೆರಡು ತುದಿಗಳನ್ನು ಹೊಲಿಗೆಯಿಂದಲೋ ಸ್ಟೇಪ್ಲರಿನಿಂದಲೋ ಕೂಡಿಸಿದ ಮೇಲೆ ಆ ಸಂಧಿ ಮಾಯಬೇಕಾದರೆ ಎರಡು ಅಂಚುಗಳಿಗೂ ರಕ್ತದ ಒದಗಣೆ ಇರಲೇಬೇಕು. ಇಲ್ಲವಾದರೆ ಕೆಲದಿನಗಳಲ್ಲಿ ಸಂಧಿ ಬಿಟ್ಟುಕೊಂಡು ಮಲವು ಉದರಕುಹರಕ್ಕೆ ಸೋರಿ, ರೋಗಿಯ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಅಂಚಿನ ಬಣ್ಣ, ಕರುಳಿನ ಅಲೆಚಲನೆ, ಮೆಸೆಂಟರಿ ಎಂಬ ಪೊರೆಯೊಳಗಿನ ಧಮನಿಯ ಮಿಡಿತ, ಕತ್ತರಿಸಿದ ತುದಿಯಿಂದ ಜಿನುಗುವ ರಕ್ತದ ಕೆಂಪು, ಇವೇ ಪರಂಪರೆಯಿಂದ ಬಂದ ಲಕ್ಷಣಗಳು. ಇವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಪಳಗಿದ ಶಸ್ತ್ರವೈದ್ಯರು ಮೇಜಿನ ಬಳಿ ನಿಂತು ಊಹಿಸಿದ್ದಕ್ಕೂ ಮುಂದೆ ನಿಜವಾಗಿ ಸೋರಿದ್ದಕ್ಕೂ ಹೊಂದಿಕೆ ಸಾಲದೆಂಬುದನ್ನು 2009ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು ತೋರಿಸಿಕೊಟ್ಟಿತು.

ಸಂಶಯ ಹೆಚ್ಚಾಗಿ ಏಳುವ ಸ್ಥಳ ದೊಡ್ಡ ಕರುಳಿನ ಎಡಭಾಗ. ಬಲಭಾಗವನ್ನು ಪೋಷಿಸುವ ಧಮನಿ ಬೇರೆ, ಎಡಭಾಗದ್ದು ಬೇರೆ. ಗುಲ್ಮದ ಬಳಿಯ ತಿರುವಿನಲ್ಲಿ ಎರಡರ ಸೀಮೆಗಳೂ ಸಂಧಿಸುತ್ತವೆ. ಕರುಳಿನ ಅಂಚನ್ನೇ ಹಿಡಿದು ಸಾಗುವ ಡ್ರಮಂಡನ ಧಮನಿ ಇವೆರಡನ್ನೂ ಬೆಸೆಯುತ್ತದಾದರೂ ಕೆಲವರಲ್ಲಿ ಆ ತಿರುವಿನಲ್ಲಿಯೇ ಅದು ಕ್ಷೀಣವಾಗಿರುವುದುಂಟು. ಗುದನಾಳದ ಅರ್ಬುದವನ್ನು ತೆಗೆಯುವಾಗ ಎಡಭಾಗದ ಧಮನಿಯನ್ನು ಬುಡದಲ್ಲಿಯೇ ಕಟ್ಟಿದರೆ, ಕಿಬ್ಬೊಟ್ಟೆಯ ಆಳಕ್ಕೆ ಎಳೆದು ತಂದ ಕರುಳಿನ ತುದಿಯು ಹತ್ತಿರದ ತೂಬು ಮುಚ್ಚಿದ ಮೇಲೆ ದೂರದ ಕೆರೆಯ ನೀರನ್ನೇ ಕಾಯುವ ಕಾಲುವೆಯ ಕೊನೆಯ ಗದ್ದೆಯಂತಾಗುವುದು.

ಬಣ್ಣವನ್ನು ಹೊಳೆಯಿಸಿ ರಕ್ತದ ದಾರಿಯನ್ನು ಅರಸುವ ಯೋಚನೆ ಹೊಸದಲ್ಲ. 1871ರಲ್ಲಿ ಆಡಾಲ್ಫ್ ಫಾನ್ ಬಾಯರ್ ಸಂಶ್ಲೇಷಿಸಿದ ಫ್ಲೋರೆಸೀನನ್ನು 1942ರಷ್ಟು ಹಿಂದೆಯೇ ಲ್ಯಾಂಗ್ ಮತ್ತು ಬಾಯ್ಡ್ ಎಂಬವರು ರಕ್ತಪರಿಚಲನೆಯ ಪರೀಕ್ಷೆಗೆ ಬಳಸಿದ್ದರು. ನೇರಳಾತೀತ ದೀಪದ ಕೆಳಗೆ ಹಳದಿಹಸಿರಾಗಿ ಬೆಳಗುವ ಈ ದ್ರವ್ಯವು ನಾಳದಿಂದ ಬೇಗ ಹೊರಸೂಸಿ ಅಂಗಾಂಶದಲ್ಲಿ ಬಹುಕಾಲ ನಿಲ್ಲುವುದರಿಂದ ಪರೀಕ್ಷೆಯನ್ನು ಒಡನೆಯೇ ಪುನಃ ಮಾಡುವಂತಿರಲಿಲ್ಲ. ಐಸಿಜಿ ಹುಟ್ಟಿದ್ದು ಕೊಡಕ್ ಕಂಪನಿಯ ಪ್ರಯೋಗಶಾಲೆಯಲ್ಲಿ. 1950ರ ದಶಕದಲ್ಲಿ ಅದನ್ನು ಮೊದಲು ಬಳಸಿದ್ದು ಹೃದಯವು ಹೊರದೂಡುವ ರಕ್ತದ ಪ್ರಮಾಣವನ್ನು ಅಳೆಯಲು. ಛಾಯಾಚಿತ್ರದ ಉದ್ಯಮದಿಂದ ಬಂದ ಬಣ್ಣವು ದಶಕಗಳ ತರುವಾಯ ಮತ್ತೆ ಕ್ಯಾಮೆರಾದ ಮುಂದೆಯೇ ಬಂದು ನಿಂತದ್ದು ಒಂದು ಸೋಜಿಗ.

ಇದು ಪ್ಲಾಸ್ಮಾದ ಪ್ರೋಟೀನುಗಳಿಗೆ ಅಂಟಿಕೊಂಡು ಬಹುಮಟ್ಟಿಗೆ ನಾಳದೊಳಗೇ ಉಳಿಯುವುದು. ಸುಮಾರು 800 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು ಹೀರಿ 830ರ ಆಸುಪಾಸಿನಲ್ಲಿ ಹೊರಸೂಸುವುದು. ರಕ್ತದ ಹಿಮೊಗ್ಲೋಬಿನ್ ಆಗಲಿ ನೀರಾಗಲಿ ಈ ಬೆಳಕನ್ನು ಹೆಚ್ಚು ಹೀರದಿರುವುದರಿಂದ ಕೆಲವು ಮಿಲಿಮೀಟರು ಆಳದ ಹೊಳಪೂ ಕಾಣಸಿಗುತ್ತದೆ. ಯಕೃತ್ತು ಇದನ್ನು ಹಿಡಿದು ಪಿತ್ತಕ್ಕೆ ಸೇರಿಸುವುದು; ರಕ್ತದಲ್ಲಿ ಇದರ ಅರ್ಧಾಯು ಮೂರು ನಾಲ್ಕು ನಿಮಿಷ ಮಾತ್ರ.

ಮೆಸೆಂಟರಿಯನ್ನು ಬಿಡಿಸಿ, ಎಲ್ಲಿ ಕತ್ತರಿಸಬೇಕೆಂಬುದನ್ನು ಕಣ್ಣಂದಾಜಿನಿಂದ ಗುರುತು ಮಾಡಿದ ಮೇಲೆ ಶಸ್ತ್ರವೈದ್ಯನು ಅರಿವಳಿಕೆ ತಜ್ಞರಿಗೆ ಸೂಚನೆ ಕೊಡುತ್ತಾನೆ. ಸೀಸೆಯಲ್ಲಿರುವ 25 ಮಿಲಿಗ್ರಾಂ ಕಡುಹಸಿರು ಪುಡಿಯನ್ನು ಶುದ್ಧಜಲದಲ್ಲಿ ಕರಗಿಸಿ, ಕೆಲವೇ ಮಿಲಿಲೀಟರು ಸಿರೆಗೆ ಕೊಟ್ಟು, ಹಿಂದೆಯೇ ಸಲೈನ್ ಹಾಯಿಸುತ್ತಾರೆ. ತೆರೆದ ಹೊಟ್ಟೆಯಾದರೆ ಮೇಜಿನ ಮೇಲಣ ದೊಡ್ಡ ದೀಪಗಳನ್ನು ಆರಿಸುವರು. ಪರದೆ ಕಪ್ಪಾಗಿದ್ದು ಅರೆನಿಮಿಷ, ಒಮ್ಮೊಮ್ಮೆ ಒಂದು ನಿಮಿಷ ಕಳೆದ ಮೇಲೆ ಮೆಸೆಂಟರಿಯ ನಾಳಗಳು ಎಳೆಎಳೆಯಾಗಿ ಬೆಳಗಿ, ಆ ಬೆಳಕು ಕರುಳಿನ ಗೋಡೆಗೆ ಹರಡುತ್ತ ಹೋಗಿ ಒಂದು ಗೆರೆಯಲ್ಲಿ ತಟಕ್ಕನೆ ನಿಲ್ಲುವುದು. ಆ ಗೆರೆ ಮೊದಲಿನ ಗುರುತಿಗಿಂತ ಒಳಗಿದ್ದರೆ ಮುಂದಿನ ಮಾತಿಲ್ಲದೆ ಅಷ್ಟು ಕರುಳನ್ನು ಹೆಚ್ಚಾಗಿ ಕತ್ತರಿಸಬೇಕು.

ಇಲ್ಲಿ ಓದಬೇಕಾದದ್ದು ಹೊಳಪನ್ನಷ್ಟೇ ಅಲ್ಲ, ಅದು ಬಂದ ವೇಳೆಯನ್ನು. ಕೆಲವು ನಿಮಿಷ ಕಾದರೆ ಬಣ್ಣವು ಪಕ್ಕದ ಜೀವಂತ ಭಾಗದಿಂದ ರಕ್ತಹೀನ ಭಾಗಕ್ಕೂ ಮೆಲ್ಲನೆ ಸರಿದು ಅದನ್ನೂ ಬೆಳಗಿಸುವುದರಿಂದ, ತಡವಾಗಿ ನೋಡಿದವನು ಮೋಸಹೋಗುತ್ತಾನೆ. ಕ್ಯಾಮೆರಾ ಹತ್ತಿರ ಸರಿದರೆ ಹೊಳಪು ಹೆಚ್ಚುತ್ತದೆ. ದಪ್ಪ ಕೊಬ್ಬು ಅದನ್ನು ಮರೆಮಾಡುತ್ತದೆ. ಹೊಳಪು ಏರುವ ವೇಗವನ್ನು ಗಣಕಯಂತ್ರದಿಂದ ಅಳೆಯುವ ಪ್ರಯತ್ನಗಳು ಸ್ಟ್ರಾಸ್‌ಬರ್ಗ್ ಮೊದಲಾದೆಡೆ ನಡೆದಿವೆಯಾದರೂ ಎಲ್ಲರೂ ಒಪ್ಪಿದ ಅಂಕೆಯೊಂದು ನೆಲೆಗೊಂಡಿಲ್ಲ.

ಪರೀಕ್ಷೆಯಿಂದ ಸೋರಿಕೆ ತಗ್ಗುವುದೇ ಎಂಬ ಪ್ರಶ್ನೆಗೆ ಉತ್ತರಗಳು ಒಂದೇ ತೆರನಾಗಿಲ್ಲ. ರಷ್ಯದಲ್ಲಿ 377 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೋರಿಕೆ ಶೇ. 16.3ರಿಂದ 9.1ಕ್ಕೆ ಇಳಿಯಿತು, 2023ರ ಜಪಾನೀ ಪ್ರಯೋಗದಲ್ಲಿ ಶೇ. 11.8ರಿಂದ 7.6ಕ್ಕೆ. ಅಮೆರಿಕದ ಪಿಲ್ಲರ್-3 ಪ್ರಯೋಗವು ಸಾಕಷ್ಟು ರೋಗಿಗಳು ದೊರೆಯದೆ ಮೊದಲೇ ನಿಂತುಹೋಯಿತು, ಅದರಲ್ಲಿ ಶೇ. 9.0 ಮತ್ತು 9.6, ಎಂದರೆ ವ್ಯತ್ಯಾಸವೇ ಇಲ್ಲ. ಇದರಲ್ಲಿ ಆಶ್ಚರ್ಯಪಡಬೇಕಾದದ್ದೇನೂ ಇಲ್ಲ: ಸಂಧಿಯ ಬಿಗುವು, ಧೂಮಪಾನ, ಅಪೌಷ್ಟಿಕತೆ, ಹಿಂದೆ ಪಡೆದ ವಿಕಿರಣಚಿಕಿತ್ಸೆ, ಇವಾವುದನ್ನೂ ಬೆಳಕು ತೋರಿಸಲಾರದು.

ಔಷಧವು ಬಹುಪಾಲು ನಿರಪಾಯಕಾರಿ. ಅದರಲ್ಲಿ ಸೋಡಿಯಂ ಅಯೊಡೈಡ್ ಬೆರೆತಿರುವುದರಿಂದ ಅಯೊಡೈಡ್ ಒಗ್ಗದವರಿಗೆ ಕೊಡಬಾರದು.

ಬಿಗಿದುಕೊಂಡ ಹರ್ನಿಯದಲ್ಲಿಯೂ ಮೆಸೆಂಟರಿಯ ಧಮನಿ ಕಟ್ಟಿಕೊಂಡಾಗಲೂ ಇದರ ಉಪಯೋಗ ಉಂಟು. ಕಪ್ಪೇರಿದ ಕರುಳನ್ನು ಬಿಡಿಸಿ, ಬಿಸಿನೀರಿನ ಬಟ್ಟೆ ಹೊದಿಸಿ ಕಾಯುವ ಹಳೆಯ ಪದ್ಧತಿಯ ಜೊತೆಗೇ ಬಣ್ಣವನ್ನು ಚುಚ್ಚಿ ನೋಡುತ್ತಾರೆ. ಆದರೆ ಬೆಳಕು ತಿಳಿಸುವುದು ಆ ಗಳಿಗೆಯ ಸಂಗತಿಯನ್ನು ಮಾತ್ರ. ರಕ್ತದೊತ್ತಡ ಕುಸಿದಿರುವ ರೋಗಿಯಲ್ಲಿ ಅದು ನಾಳಿನ ಮಾತಾಗದು. ಆದಕಾರಣ ಸಂದೇಹ ಉಳಿದಲ್ಲಿ ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ, 24ರಿಂದ 48 ಗಂಟೆಗಳ ಮೇಲೆ ಮತ್ತೆ ತೆರೆದು ನೋಡುವ ವಾಡಿಕೆ ಇನ್ನೂ ಉಳಿದಿದೆ.